ಗಂಟಲಿಗೆ ಟ್ಯೂಬ್ ಹಾಕಿದ ಅಪ್ಪ ಏನೋ ಹೇಳುತ್ತಿದ್ದಾರೆ, ತಿಳಿಯುವುದು ಹೇಗೆ?

ಓದುಗರ ಪ್ರಶ್ನೆ: ನನ್ನ ಅಪ್ಪನಿಗೆ 61 ವರ್ಷ. ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಭೇದಿಯಾಗಿ ವಾಸಿಯಾದ ಎರಡು ವಾರಕ್ಕೆ ಕಾಲಿನಲ್ಲಿ ಶಕ್ತಿ ಹೋಯಿತು, ನಾಲ್ಕೇ ದಿನದಲ್ಲಿ ಕೈ, ಎದೆಯವರೆಗೂ ಬಂತು. ಜಿಬಿಎಸ್ (ಗಿಯಾನ್-ಬಾರೆ) ಎಂಬ ನರಗಳ ಕಾಯಿಲೆ ಅಂದರು. ವೆಂಟಿಲೇಟರ್ ಮೇಲೆ ಇಟ್ಟು, ಆಮೇಲೆ ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕಿದ್ದಾರೆ. ಈಗ ಎಚ್ಚರ ಇದ್ದಾರೆ, ಕಣ್ಣು ಬಿಟ್ಟು ನೋಡುತ್ತಾರೆ, ಕೈಕಾಲು ಆಡುವುದಿಲ್ಲ. ತುಟಿ ಆಡಿಸುತ್ತಾರೆ, ನಮಗೆ ಅರ್ಥವಾಗುವುದಿಲ್ಲ. ಎರಡು ಮೂರು ಸಲ ಕೇಳಿದರೆ ಕಣ್ಣು ಮುಚ್ಚಿಕೊಂಡು ಅಳುತ್ತಾರೆ. ಮೊದಲಿಂದಲೂ ಕಿವಿ ಮಂದ, ಎರಡೂ ಕಿವಿಗೆ ಮಷಿನ್ ಇತ್ತು. ಅಡ್ಮಿಟ್ ಆದ ದಿನವೇ ಅದನ್ನೂ ಕನ್ನಡಕವನ್ನೂ ಬಿಚ್ಚಿ ನಮ್ಮ ಕೈಗೆ ಕೊಟ್ಟರು. ‘ಅವರಿಗೆ ಕನ್‌ಫ್ಯೂಷನ್ ಇದೆ’ ಎಂದು ರಾತ್ರಿ ಪಾಳಿಯ ಸಿಸ್ಟರ್ ಹೇಳಿದರು. ‘ಮಾತಾಡಿಸಬೇಡಿ, ಸುಸ್ತಾಗುತ್ತೆ’ ಅನ್ನುತ್ತಾರೆ ದೊಡ್ಡಪ್ಪ. ಗಂಟಲಿಗೆ ಹಾಕಿದ ಮೇಲೆ ಮಾತು ಹೋದ ಹಾಗೇ ಎಂದು ಪಕ್ಕದ ಬೆಡ್ಡಿನವರು ಹೆದರಿಸಿದ್ದಾರೆ. ನಮ್ಮನ್ನು ಒಳಗೆ ಬಿಡುವುದು ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಮಾತಾಡುವ ಆ್ಯಪ್ ಹಾಕಿದ ಟ್ಯಾಬ್ ತಂದರೆ ಆಗುತ್ತದೆಯೇ? ಇದನ್ನೆಲ್ಲ ಕೇಳಿದರೆ ಆಸ್ಪತ್ರೆಯವರು ತಪ್ಪು ತಿಳಿಯುತ್ತಾರಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಐದಾರಿವೆ, ಆತಂಕ ಒಂದೇ. ಅಪ್ಪನಿಗೆ ಏನೋ ಹೇಳಲಿಕ್ಕಿದೆ, ಅದು ಯಾರಿಗೂ ತಲುಪುತ್ತಿಲ್ಲ. ಇದರಲ್ಲಿ ಬಹುಪಾಲು ಸರಿಮಾಡಬಹುದಾದದ್ದು, ಖರ್ಚೂ ಹೆಚ್ಚಿಲ್ಲ. ಆದರೆ ಕ್ರಮ ತಪ್ಪಬಾರದು. ಮೊದಲು ಕಿವಿ ಮತ್ತು ಕನ್ನಡಕ, ಆಮೇಲೆ ನಂಬಬಹುದಾದ ಒಂದು ‘ಹೌದು’, ಅದಾದ ಮೇಲೆ ಅಕ್ಷರ. ಧ್ವನಿಯ ಮಾತು ಕೊನೆಗೆ. ಮನೆಯವರು ಸಾಮಾನ್ಯವಾಗಿ ಟ್ಯಾಬಿನಿಂದ ಶುರು ಮಾಡಿ, ಅದು ಕೆಲಸ ಮಾಡದೆ, ‘ಇವರಿಗೆ ಏನೂ ತಿಳಿಯುತ್ತಿಲ್ಲ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ.

ಪಕ್ಕದ ಬೆಡ್ಡಿನವರ ಮಾತಿನಿಂದ ಆರಂಭಿಸೋಣ. ನಮ್ಮ ಧ್ವನಿ ಹುಟ್ಟುವುದು ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ, ಶ್ವಾಸಕೋಶದಿಂದ ಮೇಲೆ ಬರುವ ಗಾಳಿ ಅಲ್ಲಿನ ತಂತುಗಳನ್ನು ಕಂಪಿಸಿದಾಗ. ಗಂಟಲಿಗೆ ತೂತು ಮಾಡಿ (ಇದಕ್ಕೆ ಟ್ರೇಕಿಯಾಸ್ಟಮಿ ಎನ್ನುತ್ತಾರೆ) ಹಾಕುವ ಟ್ಯೂಬ್ ಒಳಹೋಗುವುದು ಅದಕ್ಕಿಂತ ಕೆಳಗೆ. ಟ್ಯೂಬಿನ ತುದಿಯ ಸುತ್ತ ಕಫ್ ಎಂಬ ಪುಟ್ಟ ಬಲೂನು ಇರುತ್ತದೆ. ವೆಂಟಿಲೇಟರಿನ ಗಾಳಿ ಸೋರಬಾರದೆಂದೂ ಬಾಯಿಯ ಜೊಲ್ಲು ಶ್ವಾಸನಾಳಕ್ಕೆ ಇಳಿಯುವುದು ಕಡಿಮೆಯಾಗಲೆಂದೂ ಅದನ್ನು ಉಬ್ಬಿಸಿಡುತ್ತಾರೆ. ಅದು ಉಬ್ಬಿರುವಷ್ಟು ಹೊತ್ತು ಗಾಳಿ ಟ್ಯೂಬಿನಲ್ಲೇ ಹೋಗಿ ಟ್ಯೂಬಿನಲ್ಲೇ ಬರುತ್ತದೆ, ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ. ತಂತುಗಳು ಇದ್ದಲ್ಲೇ ಇವೆ, ಅವಕ್ಕೆ ಗಾಳಿ ಸಿಗುತ್ತಿಲ್ಲ, ಅಷ್ಟೇ. ಟ್ರೇಕಿಯಾಸ್ಟಮಿಗೆ ಮೊದಲು ಬಾಯಿಯಿಂದ ಹಾಕಿದ್ದ ಟ್ಯೂಬ್ ಆ ತಂತುಗಳ ನಡುವೆಯೇ ಹಾದುಹೋಗಿತ್ತು. ಹಾಗಾಗಿ ಧ್ವನಿ ಮರಳಿದಾಗ ಕೆಲವು ದಿನ ಒರಟಾಗಿರಬಹುದು. ವಾರಗಳಾದರೂ ಹಾಗೇ ಉಳಿದರೆ ಇಎನ್‌ಟಿ ವೈದ್ಯರು ನೋಡಬೇಕು. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದವರ ಕುತ್ತಿಗೆಯಲ್ಲೂ ಇಂಥದೇ ತೂತು ಇರುತ್ತದೆ. ಅವರ ಸಹಜ ಧ್ವನಿ ನಿಜಕ್ಕೂ ಹೋಗಿರುತ್ತದೆ. ನಿಮ್ಮ ಪಕ್ಕದವರು ಬಹುಶಃ ಅಂಥವರನ್ನು ಕಂಡಿರಬೇಕು.

ನಿಮ್ಮ ದೊಡ್ಡಪ್ಪನ ಮಾತಿನಲ್ಲಿ ಅರ್ಧ ಸತ್ಯವಿದೆ. ತುಟಿ ಆಡಿಸುವುದರಿಂದ ಗಾಯಕ್ಕಾಗಲಿ ಟ್ಯೂಬಿಗಾಗಲಿ ತೊಂದರೆಯಿಲ್ಲ. ಆದರೆ ಜಿಬಿಎಸ್‌ನಲ್ಲಿ ದಣಿವು ಬೇಗ ಬರುತ್ತದೆ. ನಾಡಿ, ರಕ್ತದೊತ್ತಡಗಳೂ ಇದ್ದಕ್ಕಿದ್ದಂತೆ ಏರಿಳಿಯಬಹುದು. ಬೆವರು, ಉಸಿರಿನ ವೇಗ, ಮಾನಿಟರಿನ ಅಲಾರಂ ಕಂಡರೆ ನಿಲ್ಲಿಸಿ ಸಿಸ್ಟರನ್ನು ಕರೆಯಿರಿ. ಅದು ಬಿಟ್ಟರೆ, ಮಾತಾಡಿಸದೇ ಇರುವುದು ವಿಶ್ರಾಂತಿಯಲ್ಲ. ಈ ಕಾಯಿಲೆ ಹೊಡೆಯುವುದು ಮಿದುಳಿನ ಹೊರಗಿನ ನರಗಳಿಗೆ, ಬುದ್ಧಿ ಸಾಮಾನ್ಯವಾಗಿ ಪೂರ್ತಿ ನೆಟ್ಟಗಿರುತ್ತದೆ. ಮೈ ಆಡದ ಮನುಷ್ಯ ತನ್ನ ತಲೆಯ ಮೇಲೆ ನಡೆಯುವ ಮಾತನ್ನೆಲ್ಲ ಕೇಳಿಸಿಕೊಂಡು ಮಲಗಿರುತ್ತಾನೆ. ಹಾಸಿಗೆಯ ಪಕ್ಕ ನಿಂತು ಬಿಲ್ಲಿನ ಲೆಕ್ಕ, ಜಮೀನಿನ ಮಾತು ಆಡಬೇಡಿ.

ತುಟಿ ಓದಲು ನಿಮಗೆ ಆಗದಿರುವುದು ನಿಮ್ಮ ಅಸಡ್ಡೆಯಲ್ಲ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಕ, ಗ, ಹ ಬಾಯಿಯ ಹಿಂಭಾಗದ ಧ್ವನಿಗಳು, ಹೊರಗೆ ಕಾಣುವುದೇ ಇಲ್ಲ. ‘ಬೇಕು’, ‘ಬೇಡ’ ಎರಡೂ ಹೊರಡುವುದು ಒಂದೇ ಬಾಯಿಯಿಂದ, ವ್ಯತ್ಯಾಸ ಇರುವುದು ಕೊನೆಯಲ್ಲಿ ತುಟಿ ದುಂಡಗಾಗುತ್ತದೋ ಇಲ್ಲವೋ ಎನ್ನುವಷ್ಟರಲ್ಲಿ. ತುಟಿಯಲ್ಲೂ ಶಕ್ತಿ ಕಡಿಮೆಯಿದ್ದರೆ ಅದೂ ಅಳಿಸಿಹೋಗುತ್ತದೆ. ಹೀಗೆ ವಿರುದ್ಧ ಅರ್ಥ ಹಿಡಿದು ಬೇಡವೆಂದದ್ದನ್ನೇ ಮಾಡಿದರೆ ಯಾರಿಗಾದರೂ ಅಳು ಬಂದೀತು. ತುಟಿಯನ್ನು ವಿಷಯದ ಸುಳಿವಿಗೆ ಇಟ್ಟುಕೊಳ್ಳಿ. ಉತ್ತರವನ್ನು ಕಣ್ಣಿನಿಂದ ಪಡೆಯಿರಿ.

ಮೊದಲು ಕಿವಿ, ಕನ್ನಡಕ

‘ಕನ್‌ಫ್ಯೂಷನ್’ ಎಂದ ಸಿಸ್ಟರ್ ಸುಮ್ಮನೆ ಹೇಳಿರಲಿಕ್ಕಿಲ್ಲ. ಐಸಿಯುನಲ್ಲಿ ಡೆಲಿರಿಯಂ ಎಂಬ ತಾತ್ಕಾಲಿಕ ಗೊಂದಲ ಬಹಳ ಸಾಮಾನ್ಯ. ನಿದ್ದೆಗೇಡು, ಸೋಂಕು, ನಿದ್ದೆಯ ಔಷಧಿ ಎಲ್ಲವೂ ಅದಕ್ಕೆ ದಾರಿ. ಜಿಬಿಎಸ್ ತೀವ್ರವಾದ ಕೆಲವರಲ್ಲಿ ಎಚ್ಚರದಲ್ಲೇ ಕನಸು, ಭ್ರಮೆ ಕಾಣಿಸಿಕೊಳ್ಳುವುದೂ ಉಂಟು. ಮಾತಾಡದ ರೋಗಿಯಲ್ಲೂ ಅದನ್ನು ಪರೀಕ್ಷಿಸುವ ಕ್ರಮವಿದೆ, ಹೆಸರು ಕ್ಯಾಮ್-ಐಸಿಯು. ಅದರ ಒಂದು ಹಂತದಲ್ಲಿ ಹತ್ತು ಅಕ್ಷರಗಳನ್ನು ಒಂದೊಂದಾಗಿ ಹೇಳಿ, ಗೊತ್ತುಮಾಡಿದ ಅಕ್ಷರ ಬಂದಾಗಲೆಲ್ಲ ಕೈ ಹಿಸುಕಲು ಹೇಳುತ್ತಾರೆ. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ನಿಲ್ಲುತ್ತಿಲ್ಲ ಎಂದು ಗುರುತು ಹಾಕುತ್ತಾರೆ. ಕೈ ಆಡದವರಿಗೆ ಕಣ್ಣಿನ ಸನ್ನೆ ಸಾಕು.

ಈಗ ಯೋಚಿಸಿ. ಕಿವಿ ಮಂದ ಇರುವವರಿಗೆ, ಮಷಿನ್ ಇಲ್ಲದೆ, ವೆಂಟಿಲೇಟರಿನ ಸದ್ದಿನಲ್ಲಿ, ಮಾಸ್ಕ್ ಹಾಕಿದ ಬಾಯಿಂದ ಅಕ್ಷರ ಹೇಳಿದರೆ ಏನು ಕೇಳಿಸೀತು? ಅವರು ಸೋಲುವುದು ಗಮನದ ಪರೀಕ್ಷೆಯಲ್ಲಲ್ಲ, ಕಿವಿಯ ಪರೀಕ್ಷೆಯಲ್ಲಿ. ಚಾರ್ಟಿನಲ್ಲಿ ಮಾತ್ರ ಗೊಂದಲ ಎಂದೇ ದಾಖಲಾಗುತ್ತದೆ. ಕನ್ನಡಕ, ಶ್ರವಣಯಂತ್ರ ವಾಪಸ್ ಕೊಡುವುದು ಡೆಲಿರಿಯಂ ತಡೆಯುವ ಕ್ರಮಗಳಲ್ಲೇ ಒಂದು. ವೃದ್ಧ ರೋಗಿಗಳಿಗಾಗಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಶರೋನ್ ಇನೂಯಿ ಅವರ ತಂಡ ರೂಪಿಸಿದ, 1999ರಲ್ಲಿ ಫಲಿತಾಂಶ ಪ್ರಕಟವಾದ ಕಾರ್ಯಕ್ರಮದಲ್ಲೂ ದೃಷ್ಟಿ ಮತ್ತು ಶ್ರವಣ ಎರಡಕ್ಕೂ ಜಾಗವಿತ್ತು. ಹಾಗಾಗಿ ನಾಳೆಯೇ ಕೇಳಿ: “ಸಿಸ್ಟರ್, ಮಷಿನ್ ಹಾಕಿ ಇನ್ನೊಂದು ಸಲ ನೋಡಬಹುದಾ?” ಮಷಿನ್ ಹಾಕಿದ ಮೇಲೂ ಗಮನ ನಿಲ್ಲದಿದ್ದರೆ, ಬೆಳಿಗ್ಗೆ ಒಂದು ಥರ ಸಂಜೆ ಒಂದು ಥರ ಇದ್ದರೆ, ಅದು ನಿಜವಾದ ಡೆಲಿರಿಯಂ ಇರಬಹುದು. ಕಾರಣ ಹುಡುಕುವುದು ವೈದ್ಯರ ಕೆಲಸ.

ಮಷಿನ್ ಬಿಚ್ಚಿ ಕೊಟ್ಟಿದ್ದು ಸಾಮಾನ್ಯವಾಗಿ ಕಳೆದುಹೋದೀತೆಂಬ ಭಯದಿಂದ. ಆ ಭಯಕ್ಕೆ ಉತ್ತರ ಕೊಟ್ಟರೆ ಅನುಮತಿ ಸಿಗುತ್ತದೆ. ಮುಚ್ಚಳದ ಚಿಕ್ಕ ಡಬ್ಬಿಯ ಮೇಲೆ ಹೆಸರು, ಬೆಡ್ ನಂಬರ್ ಬರೆದು ಕೊಡಿ. ‘ಜವಾಬ್ದಾರಿ ನಮ್ಮದು’ ಎಂದು ಬರೆದುಕೊಡಲು ಸಿದ್ಧರಿರಿ. ಕೆಂಪು ಗುರುತು ಬಲಗಿವಿಯದು, ನೀಲಿ ಎಡಗಿವಿಯದು. ಅದಲುಬದಲಾದರೆ ಅಚ್ಚು ಕೂರುವುದಿಲ್ಲ, ಕುಂಯ್ ಎಂದು ಶಿಳ್ಳೆ ಹಾಕುತ್ತದೆ. ಕಿವಿ ದಿಂಬಿಗೆ ಒತ್ತಿದರೂ ಶಿಳ್ಳೆ ಬರುತ್ತದೆ, ಆಗ ಮೇಲ್ಮುಖದ ಕಿವಿಗೆ ಒಂದನ್ನೇ ಹಾಕಿ. ವಾರಗಟ್ಟಲೆ ಡಬ್ಬಿಯಲ್ಲಿದ್ದ ಮಷಿನಿನ ಬ್ಯಾಟರಿ ಸತ್ತಿರುತ್ತದೆ. ಕಿವಿಯ ಹಿಂದೆ ಕೂರುವ ಮಷಿನ್‌ಗಳಲ್ಲಿ ಹೆಚ್ಚಾಗಿ 13 (ಕಿತ್ತಳೆ ಪಟ್ಟಿ) ಅಥವಾ 675 (ನೀಲಿ ಪಟ್ಟಿ) ನಂಬರಿನ ಬ್ಯಾಟರಿ. ಪಟ್ಟಿ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿದರೆ ಚೆನ್ನಾಗಿ ಬಾಳುತ್ತದೆ. ರಾತ್ರಿ ಬಿಚ್ಚಬೇಕು, ಇಲ್ಲದಿದ್ದರೆ ಕಿವಿಯ ಹಿಂದೆ ಹುಣ್ಣಾಗುತ್ತದೆ. ಎಂಆರ್‌ಐಗೆ ಕರೆದೊಯ್ಯುವ ಮುಂಚೆ ಕಡ್ಡಾಯವಾಗಿ ಬಿಚ್ಚಬೇಕು. ಮಷಿನ್ ಹಾಕಿದರೂ ಮೊದಲಿನಷ್ಟು ಕೇಳಿಸುತ್ತಿಲ್ಲ ಅನ್ನಿಸಿದರೆ ವೈದ್ಯರಿಗೆ ತಿಳಿಸಿ. ಕಿವಿಯ ಗುಗ್ಗೆ ಕಾರಣವಿರಬಹುದು, ಅಮಿಕಾಸಿನ್‌ನಂಥ ಕೆಲವು ಆ್ಯಂಟಿಬಯಾಟಿಕ್‌ಗಳು ಕಿವಿಗೆ ಪೆಟ್ಟು ಕೊಡುವುದೂ ಉಂಟು.

ಮಷಿನ್ ಹಾಕಿದವರ ಕಿವಿಯ ಹತ್ತಿರ ಕೂಗಬೇಡಿ, ಶಬ್ದ ಒಡೆದು ಕೇಳಿಸುತ್ತದೆ. ಎದುರಿಗೆ ನಿಂತು, ಸಾಮಾನ್ಯ ದನಿಯಲ್ಲಿ, ಚಿಕ್ಕ ವಾಕ್ಯ. ಮಷಿನ್‌ಗೆ ಅನುಮತಿಯೇ ಸಿಗಲಿಲ್ಲ ಅನ್ನಿ, ನಿಮ್ಮ ಅಪ್ಪ ಓದುಬರಹ ಬಲ್ಲವರು. ನಿಮ್ಮ ಪ್ರಶ್ನೆಯನ್ನು ಎ4 ಹಾಳೆಯಲ್ಲಿ ಕಪ್ಪು ಮಾರ್ಕರಿನಿಂದ, ಮೂರು ನಾಲ್ಕು ಸೆಂಟಿಮೀಟರ್ ಎತ್ತರದ ಅಕ್ಷರದಲ್ಲಿ ಬರೆದು ತೋರಿಸಿ. ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ.

ಕನ್ನಡಕದಲ್ಲೂ ಒಂದು ಸೂಕ್ಷ್ಮವಿದೆ. ಬೈಫೋಕಲ್ ಆದರೆ ಓದುವ ಭಾಗ ಕೆಳಗಿರುತ್ತದೆ. ಮಲಗಿದವರು ಎದುರಿನ ಹಾಳೆಯನ್ನು ಮೇಲಿನ ಭಾಗದಿಂದ ನೋಡುತ್ತಾರೆ, ಮಸುಕು ಕಾಣುತ್ತದೆ. ಹಾಸಿಗೆಯ ತಲೆಭಾಗವನ್ನು ಸಿಸ್ಟರ್ 30ರಿಂದ 45 ಡಿಗ್ರಿ ಎತ್ತಿಟ್ಟಿರುತ್ತಾರೆ. ಹಾಳೆಯನ್ನು ಒಂದೂವರೆ ಅಡಿ ದೂರದಲ್ಲಿ ಸ್ವಲ್ಪ ಕೆಳಗೆ ಹಿಡಿಯಿರಿ, ಇಲ್ಲವೇ ಬರೀ ಓದುವ ಕನ್ನಡಕ ಒಂದನ್ನು ತನ್ನಿ.

ನಂಬಬಹುದಾದ ಒಂದು ‘ಹೌದು’

ತಲೆಯಾಡಿಸುವುದನ್ನು ನೆಚ್ಚಬೇಡಿ. ಕುತ್ತಿಗೆಯಲ್ಲಿ ಶಕ್ತಿ ಇಲ್ಲದಿರುವುದು ಒಂದು ಕಾರಣ. ನಮ್ಮ ಕಡೆ ತಲೆಯನ್ನು ಅತ್ತಿತ್ತ ವಾಲಿಸಿದರೆ ‘ಹೂಂ’ ಎಂದರ್ಥ, ಬೇರೆ ರಾಜ್ಯದಿಂದ ಬಂದ ಸಿಬ್ಬಂದಿಗೆ ಅದು ‘ಬೇಡ’ ಎಂದು ಕಂಡೀತು ಎನ್ನುವುದು ಇನ್ನೊಂದು. ‘ಒಂದು ಸಲ ರೆಪ್ಪೆ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ’ ಎಂಬುದೂ ಅಷ್ಟಕ್ಕಷ್ಟೇ. ರೆಪ್ಪೆ ತಾನಾಗಿಯೇ ಬಡಿಯುತ್ತಿರುತ್ತದಲ್ಲ. ಜಿಬಿಎಸ್‌ನಲ್ಲಿ ಮುಖದ ಸ್ನಾಯು ಸೋತು ರೆಪ್ಪೆ ಪೂರ್ತಿ ಮುಚ್ಚದವರೂ ಇರುತ್ತಾರೆ. ಕಣ್ಣುಗುಡ್ಡೆ ಮೇಲೆತ್ತಿದರೆ ಹೌದು, ಕೆಳಗಿಳಿಸಿದರೆ ಇಲ್ಲ. ಇದನ್ನೇ ಗೊತ್ತುಮಾಡಿ. ಕಣ್ಣಿನ ಚಲನೆಯೂ ಸೋತಿದ್ದರೆ ಮಾತ್ರ ಬೇರೆ ಸನ್ನೆ ಹುಡುಕಬೇಕು.

ಸನ್ನೆ ಗೊತ್ತಾದ ಮೇಲೆ ಅದನ್ನು ಪರೀಕ್ಷಿಸದೆ ಮುಂದೆ ಹೋಗಬೇಡಿ. ಉತ್ತರ ನಿಮಗೆ ಗೊತ್ತಿರುವ ಆರು ಪ್ರಶ್ನೆ ಕೇಳಿ, ಮೂರಕ್ಕೆ ‘ಹೌದು’, ಮೂರಕ್ಕೆ ‘ಇಲ್ಲ’ ಬರುವ ಹಾಗೆ, ಕಲಸಿ. “ನಮ್ಮೂರು ಚನ್ನಗಿರಿನಾ?” “ನಾನು ನಿಮ್ಮ ತಂಗಿನಾ?” ಆರಕ್ಕೆ ಐದಾದರೂ ಸರಿಯಾದರೆ ಆ ‘ಹೌದು’ ನಂಬಲರ್ಹ. ಪ್ರತಿ ಪ್ರಶ್ನೆಯ ಬಳಿಕ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮೂರನೇ ಸೆಕೆಂಡಿಗೇ ಇನ್ನೊಂದು ಪ್ರಶ್ನೆ ಹಾಕಿದರೆ ಬಂದ ಉತ್ತರ ಯಾವುದಕ್ಕೆ ಎಂದು ತಿಳಿಯದೆ ಎಲ್ಲ ಕಲಸುಮೇಲೋಗರ.

ಪ್ರಶ್ನೆ ಕೇಳುವ ರೀತಿಯಲ್ಲೂ ಎಡವುತ್ತೇವೆ. “ನೋವಿಲ್ಲ ಅಲ್ವಾ?” ಎಂದರೆ ಕಣ್ಣು ಮೇಲೆ ಹೋದಾಗ ಏನು ತಿಳಿಯಬೇಕು? ‘ಹೌದು, ನೋವಿಲ್ಲ’ ಎಂದೋ, ‘ಹೌದು, ನೋವಿದೆ’ ಎಂದೋ? “ನೋವಿದೆಯಾ?” ಎಂದಷ್ಟೇ ಕೇಳಿ. “ಬಿಸಿಯಾಗ್ತಿದೆಯಾ, ಫ್ಯಾನ್ ಹಾಕಿಸ್ಲಾ?” ಎಂದು ಎರಡನ್ನು ಒಟ್ಟಿಗೆ ಕೇಳುವುದೂ ಬೇಡ. ಮೊದಲು ವಿಷಯ, ಆಮೇಲೆ ವಿವರ: “ನಿಮ್ಮ ಮೈಗೆ ಸಂಬಂಧಿಸಿದ್ದಾ?” “ಮನೆ ವಿಷಯನಾ?” “ಏನಾದ್ರೂ ಕೇಳಬೇಕಾ?” ಮೈಗೆ ಸಂಬಂಧಿಸಿದ್ದಾದರೆ ಪಟ್ಟಿ ಹಿಡಿದು ಹೋಗಿ. ಕಫ ತೆಗೆಯಬೇಕಾ, ಉಸಿರು ಕಟ್ಟುತ್ತಿದೆಯಾ, ನೋವಾ, ಮಗ್ಗುಲು ಬದಲಿಸಬೇಕಾ, ಬಾಯಿ ಒಣಗಿದೆಯಾ, ಸೆಕೆಯಾ, ಚಳಿಯಾ, ತುರಿಕೆಯಾ, ಹೊಟ್ಟೆ ಉಬ್ಬರವಾ, ಭಯ ಆಗ್ತಿದೆಯಾ. ಪ್ರತಿಸಲ ಅದೇ ಅನುಕ್ರಮದಲ್ಲಿ ಕೇಳಿದರೆ ಅವರಿಗೂ ತಮ್ಮ ಸರದಿ ಯಾವಾಗ ಎಂದು ಗೊತ್ತಿರುತ್ತದೆ. ಕೊನೆಯಲ್ಲಿ ‘ಇದ್ಯಾವುದೂ ಅಲ್ಲ’ ಇರಲೇಬೇಕು.

ನೋವನ್ನು ಪಟ್ಟಿಯಲ್ಲಿ ಮರೆಯಬಾರದು. ಮೈ ಆಡದವರಿಗೆ ನೋವೂ ತಿಳಿಯುವುದಿಲ್ಲ ಎಂಬ ತಪ್ಪು ನಂಬಿಕೆ ಸಿಬ್ಬಂದಿಯಲ್ಲೂ ಇದೆ. ಜಿಬಿಎಸ್‌ನಲ್ಲಿ ಬೆನ್ನು, ತೊಡೆ, ಮೀನಖಂಡಗಳಲ್ಲಿ ತೀವ್ರ ನೋವು ಸಾಮಾನ್ಯ, ಹೊದಿಕೆ ಸೋಕಿದರೂ ಉರಿ ಎನ್ನುವವರಿದ್ದಾರೆ. ಜಾಗ ತಿಳಿಯಲು ತಲೆಯಿಂದ ಕಾಲಿನವರೆಗೆ ಒಂದೊಂದೇ ಹೆಸರಿಸಿ. ಎಷ್ಟು ಎಂದು ತಿಳಿಯಲು ಸೊನ್ನೆಯಿಂದ ಹತ್ತರವರೆಗೆ ಎಣಿಸುತ್ತ ಹೋಗಿ, ಕಣ್ಣು ಮೇಲೆತ್ತಿದಲ್ಲಿ ನಿಲ್ಲಿಸಿ. ಆ ಅಂಕಿಯನ್ನು ಸಿಸ್ಟರಿಗೆ ಹೇಳಿ, ಚಾರ್ಟಿನಲ್ಲಿ ಅದಕ್ಕೆ ಜಾಗವಿದೆ.

ಅಕ್ಷರ ಹಲಗೆ

ಪಟ್ಟಿಯಲ್ಲಿ ಇಲ್ಲದ್ದನ್ನು ಹೇಳಲು ಅಕ್ಷರ ಬೇಕು. ವರ್ಣಮಾಲೆಯ 49 ಅಕ್ಷರವನ್ನೂ ಒತ್ತಕ್ಷರ, ಕಾಗುಣಿತ ಸಹಿತ ಬರೆದ ಹಲಗೆ ಯಾರಿಗೂ ಉಪಯೋಗವಿಲ್ಲ. ಒಂದೊಂದೇ ಓದುತ್ತ ಹೋದರೆ ಒಂದು ಅಕ್ಷರಕ್ಕೆ ಸರಾಸರಿ 25 ಸಲ ಬಾಯಿ ತೆರೆಯಬೇಕು. ಮಹಾಪ್ರಾಣ, ದೀರ್ಘ ಸ್ವರ, ಋ, ಐ, ಔ, ವಿಸರ್ಗ, ಅನುನಾಸಿಕಗಳಲ್ಲಿ ಙ, ಞ ಎಲ್ಲವನ್ನೂ ಬಿಡಿ. ಶ, ಷ, ಸ ಮೂರಕ್ಕೂ ಒಂದೇ ಸ. ಸೊನ್ನೆಗೆ ನ ಅಥವಾ ಮ. ಉಳಿಯುವುದು ಸರಿಯಾಗಿ 25:

1. ಅ ಇ ಉ ಎ ಒ
2. ಕ ಗ ಚ ಜ ಟ
3. ಡ ಣ ತ ದ ನ
4. ಪ ಬ ಮ ಯ ರ
5. ಲ ವ ಸ ಹ ಳ

ಶಾಲೆಯಲ್ಲಿ ಕಲಿತ ಅನುಕ್ರಮವೇ ಇದು, ಹಾಗಾಗಿ ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. “ಒಂದನೇ ಸಾಲಾ? ಎರಡನೇದಾ?” ಎಂದು ಕೇಳಿ. ಕಣ್ಣು ಮೇಲೆತ್ತಿದ ಸಾಲಿನಲ್ಲಿ ಅಕ್ಷರಗಳನ್ನು ಒಂದೊಂದಾಗಿ ಓದಿ. ಅತಿ ಹೆಚ್ಚೆಂದರೆ ಹತ್ತು ಪ್ರಶ್ನೆ, ಸರಾಸರಿ ಆರು. ‘ನೀರು’ ಎನ್ನಲು ನ, ಇ, ರ ಸಾಕು. ನ ಮೂರನೇ ಸಾಲಿನ ಐದನೆಯದು (8 ಪ್ರಶ್ನೆ), ಇ ಮೊದಲ ಸಾಲಿನ ಎರಡನೆಯದು (3), ರ ನಾಲ್ಕನೇ ಸಾಲಿನ ಐದನೆಯದು (9), ಒಟ್ಟು ಇಪ್ಪತ್ತು. ಪ್ರಶ್ನೆಗೆ ಎರಡು ಮೂರು ಸೆಕೆಂಡ್ ಹಿಡಿದರೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ಇಬ್ಬರೂ ಪಳಗಿದ ಮೇಲಿನ ವೇಗ ಇದು, ಮೊದಲ ದಿನ ಇದಕ್ಕಿಂತ ಬಹಳ ಹೆಚ್ಚು ಹಿಡಿಯುತ್ತದೆ. ಅಕಾರವನ್ನು ಬಿಡಿಸಿ ಹೇಳಬೇಕಿಲ್ಲ, ಕ ಎಂದರೆ ಕ, ಕಾ ಎರಡೂ. ಬೇರೆ ಸ್ವರ ಬೇಕೆನಿಸಿದರೆ ವ್ಯಂಜನದ ಬಳಿಕ ಅವರೇ ಹೇಳುತ್ತಾರೆ. ‘ಬೆನ್ನು’ ಬ-ಎ-ನ, ‘ಕಫ’ ಕ-ಪ.

ಎರಡನೇ ಅಕ್ಷರಕ್ಕೇ ನಿಮಗೆ ಪದ ಹೊಳೆಯುತ್ತದೆ. ಹೊಳೆದದ್ದನ್ನು “ನೀರಾ?” ಎಂದು ಕೇಳಿ ಖಚಿತಪಡಿಸಿಕೊಳ್ಳಿ, ಆದರೆ ಎರಡು ಊಹೆ ತಪ್ಪಾದರೆ ಊಹಿಸುವುದು ನಿಲ್ಲಿಸಿ ಅಕ್ಷರಕ್ಕೆ ಹಿಂತಿರುಗಿ. ಬಂದ ಅಕ್ಷರಗಳನ್ನು ಬರೆದುಕೊಳ್ಳುತ್ತ ಹೋಗಿ, ನಾಲ್ಕನೆಯದಕ್ಕೆ ಬರುವಾಗ ಮೊದಲನೆಯದು ಮರೆತಿರುತ್ತದೆ. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ‘ತಪ್ಪಾಯಿತು, ಮೊದಲಿಂದ’ ಎಂದು ಗೊತ್ತುಮಾಡಿಕೊಳ್ಳಿ. ಹಾಳೆ ಎ4, ಅಡ್ಡಕ್ಕೆ, ಲ್ಯಾಮಿನೇಟ್ ಮಾಡಿಸಿದ್ದಿರಲಿ. ಸ್ಪಿರಿಟಿನಲ್ಲಿ ಒರೆಸಬಹುದಾದ್ದರಿಂದ ಸೋಂಕಿನ ತಕರಾರು ಬರುವುದಿಲ್ಲ. ಹಿಂಬದಿಗೆ ಮೇಲೆ ಹೇಳಿದ ಪ್ರಶ್ನೆಗಳ ಪಟ್ಟಿ ಹಾಕಿಸಿ. ಕನ್ನಡ ದೊಡ್ಡದಾಗಿ, ಅದರ ಕೆಳಗೆ ಇಂಗ್ಲಿಷ್ ಪದ ಚಿಕ್ಕದಾಗಿ. ನಮ್ಮ ಐಸಿಯುಗಳಲ್ಲಿ ಕನ್ನಡ ಓದಲು ಬಾರದ ಮಲಯಾಳಿ ಸಿಸ್ಟರ್‌ಗಳು ಬೇಕಾದಷ್ಟಿದ್ದಾರೆ, ಅವರೂ ಬೆರಳಿಟ್ಟು ತೋರಿಸಿ ಉತ್ತರ ಪಡೆಯಬಹುದು.

ಓದು ಬಾರದವರಿಗೆ ಚಿತ್ರದ ಹಾಳೆ ಅಥವಾ ಬರೀ ಬಾಯಿಮಾತಿನ ಪಟ್ಟಿ. ನಿಮ್ಮ ಅಪ್ಪನಿಗೆ ಅದು ಬೇಕಿಲ್ಲ.

ನೀವಿಲ್ಲದ ಹೊತ್ತು

ದಿನದ 1440 ನಿಮಿಷದಲ್ಲಿ ನೀವು ಇರುವುದು ಇಪ್ಪತ್ತು. ಉಳಿದದ್ದರಲ್ಲಿ ಅವರು ಯಾರನ್ನಾದರೂ ಕರೆಯುವುದು ಹೇಗೆ? ಬೆಲ್ ಒತ್ತಲು ಕೈ ಇಲ್ಲ, ಕೂಗಲು ಧ್ವನಿ ಇಲ್ಲ. ನಾಲಿಗೆಯಿಂದ ‘ಟಕ್’ ಎಂದು ಲೊಟ್ಟೆ ಹೊಡೆಯಲು ಬರುತ್ತದೆಯೇ ನೋಡಿ. ಆ ಶಬ್ದಕ್ಕೆ ಶ್ವಾಸಕೋಶದ ಗಾಳಿ ಬೇಡ, ಟ್ಯೂಬ್ ಇದ್ದರೂ ಬರುತ್ತದೆ. ಎರಡು ಮೂರು ಮೀಟರ್ ದೂರಕ್ಕೆ ಕೇಳಿಸಿದರೂ ಸಾಕು. ನಾಲಿಗೆಯೂ ಸೋತಿದ್ದರೆ ಕೆನ್ನೆ ಒತ್ತಿದರೆ ಸಾಕಾಗುವ ಬೆಲ್ ಇದೆಯೇ ಕೇಳಿ. ಎರಡೂ ಇಲ್ಲದಿದ್ದರೆ ಸಿಸ್ಟರೇ ಗಂಟೆಗೊಮ್ಮೆ ಬಂದು “ಏನಾದ್ರೂ ಬೇಕಾ?” ಎಂದು ಕಣ್ಣು ನೋಡಬೇಕು. ಸಿಸ್ಟರ್ ಬಂದೇ ಬರುತ್ತಾರೆ ಎಂದು ಗೊತ್ತಿದ್ದರೂ ರೋಗಿಯ ಭಯ ಕಡಿಮೆಯಾಗುತ್ತದೆ.

ಹಾಸಿಗೆಯ ತಲೆಯ ಮೇಲೆ ಒಂದು ಪುಟ ಅಂಟಿಸಲು ಇನ್‌ಚಾರ್ಜ್ ಸಿಸ್ಟರಿನ ಒಪ್ಪಿಗೆ ಪಡೆಯಿರಿ. ಅದರಲ್ಲಿ ಕೆಲವೇ ಸಾಲು: ಕಣ್ಣು ಮೇಲೆ ಅಂದರೆ ಹೌದು, ಕೆಳಗೆ ಅಂದರೆ ಇಲ್ಲ, ಶ್ರವಣಯಂತ್ರ ಹಗಲು ಹಾಕಿ, ಯಾವ ಕಿವಿ ಮೇಲು, ಕನ್ನಡಕ ಬೇಕು, ಕನ್ನಡ ಓದುತ್ತಾರೆ, ನಾಲಿಗೆಯ ಶಬ್ದ ಅಂದರೆ ಕರೆಯುತ್ತಿದ್ದಾರೆ, ಏನೆಂದು ಕರೆದರೆ ಇಷ್ಟ. ಪಾಳಿ ದಿನಕ್ಕೆ ಮೂರು ಸಲ ಬದಲಾಗುತ್ತದೆ. ಬಾಯಿಮಾತಿನಲ್ಲಿ ಹೇಳಿದ್ದು ಎರಡನೇ ಪಾಳಿಗೆ ಅರ್ಧ, ಮೂರನೆಯದಕ್ಕೆ ಸೊನ್ನೆ.

ಕೇಳಿದರೆ ತಪ್ಪು ತಿಳಿಯುತ್ತಾರಾ ಎಂದಿರಿ. ಕೇಳುವ ಹೊತ್ತು ನೋಡಿಕೊಳ್ಳಿ, ಪಾಳಿ ಬದಲಾಗುವಾಗ, ಔಷಧಿಯ ಸುತ್ತಿನಲ್ಲಿ ಬೇಡ. ದೂರಿನ ದನಿಯೂ ಬೇಡ. “ನಿಮಗೂ ಸುಲಭ ಆಗುತ್ತೆ ಅಂತ ಇದು ಮಾಡಿಸಿಕೊಂಡು ಬಂದಿದ್ದೀವಿ ಸಿಸ್ಟರ್” ಎಂದರೆ ಹೆಚ್ಚಿನವರು ಖುಷಿಯಿಂದಲೇ ಒಪ್ಪುತ್ತಾರೆ. ಇದು ಸಿಬ್ಬಂದಿಯ ಒರಟುತನದ ಪ್ರಶ್ನೆಯಲ್ಲ, ತರಬೇತಿಯ ಕೊರತೆ. ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಮೇರಿ ಬೆತ್ ಹ್ಯಾಪ್ ತಮ್ಮ ವೃತ್ತಿಜೀವನದ ಬಹುಭಾಗವನ್ನು ಕಳೆದದ್ದು ಇದೇ ವಿಷಯದಲ್ಲಿ, ಮೊದಲು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ, ನಂತರ ಓಹಾಯೋ ಸ್ಟೇಟ್‌ನಲ್ಲಿ. ಮಾತಾಡಲಾರದ ಐಸಿಯು ರೋಗಿಗಳು ಮತ್ತು ನರ್ಸ್‌ಗಳ ಸಂವಹನವನ್ನು ವಿಡಿಯೋ ಮಾಡಿ ವಿಶ್ಲೇಷಿಸಿ ಅವರ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತು ಶುರುಮಾಡುವವರು ಹೆಚ್ಚಿನ ಸಲ ನರ್ಸ್‌ಗಳೇ ಎಂದು ಕಂಡಿತು. ನೋವಿನ ಕುರಿತ ಸಂವಹನದಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ವಿಫಲ. ನರ್ಸ್‌ಗಳಿಗೆ ಸರಳ ತರಬೇತಿ, ಹಲಗೆ-ಪೆನ್ನಿನಂಥ ಅಗ್ಗದ ಸಾಮಗ್ರಿ, ಜೊತೆಗೆ ಸ್ಪೀಚ್ ಥೆರಪಿಸ್ಟ್ ನೆರವು, ಇದು ಅವರು ರೂಪಿಸಿದ ಸ್ಪೀಕ್ಸ್ ಕಾರ್ಯಕ್ರಮದ ತಿರುಳು. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಸಂವಹನ ಪಾಠವಿದೆ, ಆದರೆ ಅದು ಮಾತಾಡುವ ರೋಗಿಯನ್ನು ಇಟ್ಟುಕೊಂಡು ನಡೆಯುತ್ತದೆ.

ಕಾನೂನೂ ನಿಮ್ಮ ಕಡೆಗಿದೆ, ಅದನ್ನು ಮೊದಲ ದಿನವೇ ಹೊರಗೆ ತೆಗೆಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಂವಹನ’ ಎಂದರೆ ಮಾತಷ್ಟೇ ಅಲ್ಲ, ದೊಡ್ಡ ಅಕ್ಷರ, ಸನ್ನೆ ಭಾಷೆ, ಮಾತಿಗೆ ಪೂರಕವಾದ ಮತ್ತು ಪರ್ಯಾಯವಾದ ವಿಧಾನಗಳೂ ಸೇರಿ ಎಂದು ವ್ಯಾಖ್ಯಾನಿಸಿದೆ. ಖಾಸಗಿ ಆಸ್ಪತ್ರೆಗಳೂ ಅಂಗವಿಕಲರಿಗೆ ಅಡೆತಡೆಯಿಲ್ಲದಂತೆ ಇರಬೇಕು ಎಂದೂ ಹೇಳಿದೆ. ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ಶ್ರವಣನಷ್ಟ ಇರುವವರು ಅದರ ಪಟ್ಟಿಯಲ್ಲಿ ‘ಮಂದಶ್ರವಣ’ದವರು. ನಿಮ್ಮ ಅಪ್ಪನ ಹಳೆಯ ಆಡಿಯೋಗ್ರಾಂ (ಕಿವಿ ಪರೀಕ್ಷೆಯ ವರದಿ) ಮನೆಯಲ್ಲಿದ್ದರೆ ಪ್ರತಿ ತಂದು ಫೈಲಿಗೆ ಹಾಕಿಸಿ. ಅದು ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಧ್ವನಿ ಯಾವಾಗ?

ಟ್ಯೂಬಿನ ಬಾಯಿಗೆ ಕೂರಿಸುವ ಸ್ಪೀಕಿಂಗ್ ವಾಲ್ವ್ ಎಂಬ ಏಕಮುಖ ಬಿರಡೆ ಇದೆ. ಉಸಿರು ಎಳೆದುಕೊಳ್ಳುವಾಗ ತೆರೆಯುತ್ತದೆ, ಬಿಡುವಾಗ ಮುಚ್ಚುತ್ತದೆ. ಹೊರಬರುವ ಗಾಳಿ ಟ್ಯೂಬಿನ ಪಕ್ಕದಿಂದ ಮೇಲೇರಿ ಧ್ವನಿತಂತುಗಳನ್ನು ತಲುಪಿ ಮಾತು ಹೊರಡುತ್ತದೆ. ವೆಂಟಿಲೇಟರ್ ಮೇಲಿದ್ದಾಗಲೂ ಕೆಲವರಿಗೆ ಇದನ್ನು ಹಾಕಬಹುದು. ಆದರೆ ಬಲೂನಿನ ಗಾಳಿಯನ್ನು ಪೂರ್ತಿ ತೆಗೆದಿರಲೇಬೇಕು. ಬಲೂನು ಉಬ್ಬಿರುವಾಗ ವಾಲ್ವ್ ಹಾಕಿದರೆ ಒಳಗೆ ಹೋದ ಗಾಳಿಗೆ ಹೊರಗೆ ಬರಲು ದಾರಿಯೇ ಇಲ್ಲ, ನಿಮಿಷಗಳಲ್ಲಿ ಜೀವಕ್ಕೆ ಅಪಾಯ. ಇದನ್ನು ಆನ್‌ಲೈನಿನಲ್ಲಿ ತರಿಸಿ ನೀವೇ ಹಾಕುವ ಯೋಚನೆ ಖಂಡಿತ ಬೇಡ.

ವೈದ್ಯರು ನೋಡುವುದು ಇವನ್ನು: ರೋಗಿ ಎಚ್ಚರವಾಗಿದ್ದಾರೆಯೇ, ಉಸಿರಿನ ಸ್ಥಿತಿ ಗಟ್ಟಿಯಾಗಿದೆಯೇ, ಕಫ ಕಡಿಮೆಯಾಗಿದೆಯೇ, ಟ್ಯೂಬಿನ ಸುತ್ತ ಗಾಳಿ ಹೋಗಲು ಜಾಗವಿದೆಯೇ, ನುಂಗುವ ಶಕ್ತಿ ಎಷ್ಟಿದೆ. ಜಿಬಿಎಸ್‌ನಲ್ಲಿ ನುಂಗುವ ಸ್ನಾಯು ಸೋತಿದ್ದರೆ ಬಲೂನು ಇಳಿಸಿದಾಗ ಜೊಲ್ಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹಾಗಾಗಿ ‘ಈಗ ಬೇಡ’ ಎಂಬ ಉತ್ತರ ಬಂದರೆ ಅದು ಸಬೂಬಲ್ಲ. ಕೇಳಬೇಕಾದ ಪ್ರಶ್ನೆ: “ಯಾವ ಸ್ಥಿತಿಗೆ ಬಂದರೆ ಪ್ರಯತ್ನಿಸಬಹುದು? ಸ್ಪೀಚ್ ಥೆರಪಿಸ್ಟ್ ಒಮ್ಮೆ ನೋಡಬಹುದೇ?” ಆರಂಭ ಕೆಲವೇ ನಿಮಿಷದ ಪ್ರಯೋಗದಿಂದ, ಪಕ್ಕದಲ್ಲಿ ಸಿಬ್ಬಂದಿ ನಿಂತು ಆಕ್ಸಿಜನ್ ಅಂಕಿ ನೋಡುತ್ತ. ನಿದ್ದೆಯಲ್ಲಿ ವಾಲ್ವ್ ಇರಬಾರದು. ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಇಲ್ಲದಿದ್ದರೆ, ಬಿಡುಗಡೆಯ ಬಳಿಕ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ನುಂಗುವಿಕೆ, ಶ್ರವಣ ಮೂರನ್ನೂ ಒಂದೇ ಕಡೆ ತೋರಿಸಬಹುದು.

ಇನ್ನು ಟ್ಯಾಬ್. ಆ್ಯಪ್‌ಗಳಲ್ಲಿ ಹೆಚ್ಚಿನವು ಬೆರಳಿನಿಂದ ಮುಟ್ಟಿ ನಡೆಸುವಂಥವು, ಈಗ ಅದು ಅವರಿಂದಾಗದು. ಕಣ್ಣಿನ ಚಲನೆಯಿಂದ ನಡೆಯುವ ಯಂತ್ರಗಳಿವೆ. ಬೆಲೆ ದುಬಾರಿ, ಹೊಂದಿಸಲು ತಜ್ಞರು ಬೇಕು. ಕೆಲವು ವಾರ, ತಿಂಗಳಲ್ಲಿ ಚೇತರಿಸಿಕೊಳ್ಳುವ ನಿರೀಕ್ಷೆ ಇರುವ ಕಾಯಿಲೆಗೆ ನಾನದನ್ನು ಸೂಚಿಸುವುದಿಲ್ಲ. ಶಕ್ತಿ ಕುಂದುತ್ತಲೇ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆಯಂಥದ್ದಾದರೆ ಲೆಕ್ಕಾಚಾರ ಬೇರೆ. ಜಿಬಿಎಸ್‌ನಲ್ಲಿ ಶಕ್ತಿ ಮರಳುವುದು ಸಾಮಾನ್ಯವಾಗಿ ಮೇಲಿನಿಂದ ಕೆಳಗೆ, ಕಾಲಿಗಿಂತ ಮೊದಲು ಕೈಗೆ. ವಾರಕ್ಕೊಮ್ಮೆ “ಬೆರಳು ಆಡಿಸಿ ನೋಡಿ” ಎಂದು ಫಿಸಿಯೋಥೆರಪಿಸ್ಟ್ ಜೊತೆ ಪರೀಕ್ಷಿಸಿ. ಒಂದು ಬೆರಳು ಅಲುಗಿದರೂ ಮೆತ್ತಗೆ ಒತ್ತುವ ಬೆಲ್ ಕೊಡಿಸಬಹುದು. ಮಣಿಕಟ್ಟು ಎದ್ದರೆ ದಪ್ಪ ಹಿಡಿಯ ಮಾರ್ಕರ್ ಮತ್ತು ಓರೆಯಾಗಿ ನಿಲ್ಲಿಸಿದ ಬಿಳಿ ಹಲಗೆ ಕೊಡಿ. ಬೆರಳು ಗುರಿಯಿಟ್ಟು ಮುಟ್ಟುವಷ್ಟಾದಾಗ ಟ್ಯಾಬ್ ತನ್ನಿ, ಕನ್ನಡದಲ್ಲಿ ಓದಿ ಹೇಳುವ ಸೌಲಭ್ಯ ಇರುವುದನ್ನೇ ನೋಡಿ ಆರಿಸಿ, ಧ್ವನಿ ಜೋರಾಗಿಡಿ. ಅಲ್ಲಿಯವರೆಗೆ ಲ್ಯಾಮಿನೇಟ್ ಹಾಳೆಯ ಎರಡು ಪ್ರತಿ ಮಾಡಿಸಿ, ಒಂದನ್ನು ಹಾಸಿಗೆಗೆ ದಾರದಲ್ಲಿ ಕಟ್ಟಿ, ಇನ್ನೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಬೆಡ್ ಬದಲಾದಾಗ ಮೊದಲು ಕಾಣೆಯಾಗುವುದು ಅದೇ.